ಬ್ರಿಟಿಷ್ ಲೇಲ್ಯಾಂಡ್: ಸರ್ಕಾರದ ಆಸರೆ ಮತ್ತು ಟೀಕೆಗಳ ಚರಿತ್ರೆ

ಬ್ರಿಟಿಷ್ ಲೇಲ್ಯಾಂಡ್ ಎಂಬ ಕಾರು ಕಂಪನಿಯನ್ನು ಬ್ರಿಟನ್ ಸರ್ಕಾರ 1975ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡು 1988ರಲ್ಲಿ ಕೈತೊಳೆದುಕೊಂಡಿತು. ಈ ಹದಿಮೂರು ವರ್ಷಗಳಲ್ಲಿ ಲೇಬರ್ ಪಕ್ಷದ ಸರ್ಕಾರವೂ ಕನ್ಸರ್ವೇಟಿವ್ ಪಕ್ಷದ ಸರ್ಕಾರವೂ ಅದಕ್ಕೆ ಸುರಿದ ಸಾರ್ವಜನಿಕ ಹಣ 200 ಕೋಟಿ ಪೌಂಡ್ ದಾಟಿತು. ಸೋಲುತ್ತಿರುವ ಉದ್ಯಮಕ್ಕೆ ಸರ್ಕಾರ ಆಸರೆಯಾಗಬೇಕೆ ಬೇಡವೆ ಎಂಬ ವಾದ ಎಲ್ಲೇ ಎದ್ದರೂ ಈ ಕಂಪನಿಯ ಹೆಸರು ಬಂದೇ ಬರುತ್ತದೆ. ಮಾರುಕಟ್ಟೆವಾದಿಗಳು, ಎಡಪಂಥೀಯರು, ಸಂಸತ್ತಿನ ಸಮಿತಿ, ಸರ್ಕಾರದ ಸ್ವಂತ ಸಲಹಾ ಮಂಡಳಿ ಎಲ್ಲರೂ ಈ ನೆರವನ್ನು ಟೀಕಿಸಿದರು. ಆದರೆ ಒಬ್ಬರ ಕಾರಣ ಇನ್ನೊಬ್ಬರದಾಗಿರಲಿಲ್ಲ. ಈ ಟೀಕೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರೋಗ ಶುರುವಾದದ್ದು ರಾಷ್ಟ್ರೀಕರಣದಿಂದಲ್ಲ. ಅದಕ್ಕೂ ಮೂವತ್ತು ವರ್ಷ ಮೊದಲಿನಿಂದ ಸರ್ಕಾರ ಕಾರು ಉದ್ಯಮವನ್ನು ತನ್ನ ಬೇರೆ ಬೇರೆ ಉದ್ದೇಶಗಳಿಗೆ ಸಾಧನವಾಗಿ ಬಳಸುತ್ತ ಬಂದಿತ್ತು.

ಉಕ್ಕಿನ ಪಡಿ, ರಫ್ತಿನ ಒತ್ತಡ

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಅಮೆರಿಕದ ಸಾಲ ತೀರಿಸಲು, ಆಹಾರ ಆಮದು ಮಾಡಿಕೊಳ್ಳಲು ಡಾಲರ್ ಬೇಕಾಗಿತ್ತು. ವಾಣಿಜ್ಯ ಸಚಿವ ಸ್ಟಾಫರ್ಡ್ ಕ್ರಿಪ್ಸ್ 1945ರಲ್ಲಿ ಕಾರು ತಯಾರಕರನ್ನು ಉದ್ದೇಶಿಸಿ ಮಾತನಾಡುತ್ತ, ತಯಾರಾದ ಕಾರುಗಳಲ್ಲಿ ಅರ್ಧದಷ್ಟಾದರೂ ಹೊರದೇಶಕ್ಕೆ ಹೋಗಬೇಕು ಎಂದರು. ಉಕ್ಕು ಆಗ ಪಡಿಯ ವಸ್ತು; ರಫ್ತಿನ ಲೆಕ್ಕ ತೋರಿಸಿದ ಕಂಪನಿಗೆ ಮಾತ್ರ ಹೆಚ್ಚು ಉಕ್ಕು ಸಿಗುತ್ತಿತ್ತು.

ಫಲಿತಾಂಶ ಮೇಲ್ನೋಟಕ್ಕೆ ಬೆರಗು ಹುಟ್ಟಿಸುವಂತಿತ್ತು. 1950ರಲ್ಲಿ ಬ್ರಿಟನ್ ಸುಮಾರು 5.2 ಲಕ್ಷ ಕಾರುಗಳನ್ನು ತಯಾರಿಸಿ, ಅದರಲ್ಲಿ ಮುಕ್ಕಾಲು ಪಾಲನ್ನು ರಫ್ತು ಮಾಡಿತು. ಜಗತ್ತಿನ ಅತಿ ದೊಡ್ಡ ಕಾರು ರಫ್ತುದೇಶ ಆಗ ಅದೇ. ಆದರೆ ಯುದ್ಧದಲ್ಲಿ ನೆಲಕಚ್ಚಿದ್ದ ಜರ್ಮನಿ, ಫ್ರಾನ್ಸ್, ಇಟಲಿ ಇನ್ನೂ ಪೈಪೋಟಿಗೆ ಇಳಿದಿರಲಿಲ್ಲ. ಇಂಗ್ಲೆಂಡಿನ ಸಪಾಟು ರಸ್ತೆಗಾಗಿ ರೂಪಿಸಿದ ಸಣ್ಣ ಕಾರುಗಳನ್ನು ಕಂಪನಿಗಳು ಆಸ್ಟ್ರೇಲಿಯ, ಆಫ್ರಿಕಾಗಳ ಮಣ್ಣುದಾರಿಗೆ ಕಳಿಸಿದವು. ದುರಸ್ತಿ, ಬಿಡಿಭಾಗಗಳ ವ್ಯವಸ್ಥೆಯತ್ತ ಗಮನ ಸಾಲಲಿಲ್ಲ. ಕೊಳ್ಳುವವರಿಗೆ ಬೇರೆ ಆಯ್ಕೆ ಇಲ್ಲದಿದ್ದಾಗ ಇದು ನಡೆಯಿತು. ಪಶ್ಚಿಮ ಜರ್ಮನಿಯ ಫೋಕ್ಸ್‌ವ್ಯಾಗನ್ ಬಂದಮೇಲೆ ನಡೆಯಲಿಲ್ಲ. 1956ರಲ್ಲಿ ಕಾರು ಉತ್ಪಾದನೆಯಲ್ಲಿ ಪಶ್ಚಿಮ ಜರ್ಮನಿ ಬ್ರಿಟನ್ನನ್ನು ಹಿಂದಿಕ್ಕಿತು. ಸಂಖ್ಯೆಯ ಬೆನ್ನು ಹತ್ತಿಸಿದ ಸರ್ಕಾರ ಗುಣಮಟ್ಟವನ್ನು ಕಡೆಗಣಿಸುವುದಕ್ಕೆ ದಾರಿ ಮಾಡಿಕೊಟ್ಟಿತು ಎಂಬುದು ಮುಂದೆ ಅರ್ಥಶಾಸ್ತ್ರಜ್ಞರು ಎತ್ತಿದ ಮೊದಲ ಆಕ್ಷೇಪ.

ತೆರಿಗೆಯ ಏರಿಳಿತ

1950ರ ದಶಕದಲ್ಲಿ ಒತ್ತಡದ ರೂಪ ಬದಲಾಯಿತು. ಪೌಂಡಿನ ಬೆಲೆ ಕುಸಿಯುವ ಭಯ ಬಂದಾಗಲೆಲ್ಲ ಜನರ ಖರ್ಚಿಗೆ ಕಡಿವಾಣ ಹಾಕಬೇಕೆಂದು ಹಣಕಾಸು ಸಚಿವಾಲಯ ತೀರ್ಮಾನಿಸುತ್ತಿತ್ತು. ಅದಕ್ಕೆ ಕೈಗೆಟುಕುವ ಸಾಧನ ಕಾರಿನ ಮೇಲಿನ ಖರೀದಿ ತೆರಿಗೆ ಮತ್ತು ಕಂತಿನ ಖರೀದಿಯ ನಿಯಮ. 1955ರ ಕೊನೆಯಲ್ಲಿ ತೆರಿಗೆ ಶೇ. 60ಕ್ಕೆ ಏರಿತು, 1959ರಲ್ಲಿ ಶೇ. 50ಕ್ಕೆ ಇಳಿಯಿತು, 1962ರ ನವೆಂಬರ್ ಹೊತ್ತಿಗೆ ಶೇ. 25ಕ್ಕೆ ಬಂತು. 1956ರಲ್ಲಿ ಕಂತಿನ ಮೇಲೆ ಕಾರು ಕೊಳ್ಳುವವರು ಬೆಲೆಯ ಅರ್ಧವನ್ನು ಮುಂಗಡವಾಗಿ ಕಟ್ಟಬೇಕಾಗಿತ್ತು. ಬಜೆಟ್ಟಿನ ಒಂದು ಸಾಲು ಮುಂದಿನ ತಿಂಗಳ ಮಾರಾಟವನ್ನು ತಲೆಕೆಳಗು ಮಾಡುತ್ತಿತ್ತು.

ಹೊಸ ಮಾದರಿಯ ಕಾರು ರೂಪಿಸಿ ಮಾರುಕಟ್ಟೆಗೆ ತರಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅಚ್ಚು, ಯಂತ್ರಗಳಿಗೆ ಹಾಕಿದ ಹಣ ಮರಳಬೇಕಾದರೆ ಕಾರ್ಖಾನೆ ತುಂಬು ಸಾಮರ್ಥ್ಯದಲ್ಲಿ ಓಡಬೇಕು. ಮಾರಾಟ ಹೀಗೆ ಜೋಲಿ ಹೊಡೆಯುತ್ತಿದ್ದರೆ ಯಾವ ಆಡಳಿತ ಮಂಡಳಿಯೂ ದೊಡ್ಡ ಹೂಡಿಕೆಗೆ ಧೈರ್ಯ ಮಾಡುವುದಿಲ್ಲ. ಬೇಡಿಕೆ ಬಿದ್ದಾಗ ಕೆಲಸಗಾರರನ್ನು ಮನೆಗೆ ಕಳಿಸಿ, ಎದ್ದಾಗ ಮತ್ತೆ ಕರೆಸಿಕೊಳ್ಳುವ ಪದ್ಧತಿ ಕಾರ್ಮಿಕರಲ್ಲಿ ಅಪನಂಬಿಕೆ ಬೆಳೆಸಿತು. ಸರ್ಕಾರದ ನೀತಿಗಳು ಕಾರು ಉದ್ಯಮದ ಅವನತಿಗೆ ಎಷ್ಟರಮಟ್ಟಿಗೆ ಕಾರಣವೆಂದು ಪೀಟರ್ ಡನೆಟ್ 1980ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೇಡಿಕೆಯನ್ನು ಹೀಗೆ ಹಿಗ್ಗಿಸಿ ಕುಗ್ಗಿಸಿದ್ದು ಅವರು ವಿವರವಾಗಿ ಚರ್ಚಿಸಿದ ಕಾರಣಗಳಲ್ಲಿ ಒಂದು. ಆದರೆ ದೋಷವೆಲ್ಲ ಸರ್ಕಾರದ್ದೇ ಆಗಿರಲಿಲ್ಲ. ಆಸ್ಟಿನ್ ಮತ್ತು ಮಾರಿಸ್ 1952ರಲ್ಲಿ ಒಂದಾಗಿ ಹುಟ್ಟಿದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ 1959ರಲ್ಲಿ ಮಿನಿ ಕಾರನ್ನು ತಂದಿತು. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ಓಡಿಸುವ ವಿನ್ಯಾಸಕ್ಕೆ ಜಗತ್ಪ್ರಸಿದ್ಧವಾಯಿತು. ತೆರಿಗೆ ಸೇರಿ ಅದರ ಆರಂಭದ ಬೆಲೆ 500 ಪೌಂಡಿಗಿಂತ ಕಡಿಮೆ. ಫೋರ್ಡ್ ಕಂಪನಿಯವರು ಒಂದು ಮಿನಿ ಕಾರನ್ನು ಕೊಂಡು, ಬಿಚ್ಚಿ, ಒಂದೊಂದು ಭಾಗದ ವೆಚ್ಚವನ್ನೂ ಕೂಡಿಸಿ ನೋಡಿದಾಗ ಪ್ರತಿ ಕಾರಿಗೆ ಸುಮಾರು 30 ಪೌಂಡ್ ನಷ್ಟವೆಂದು ಲೆಕ್ಕ ಸಿಕ್ಕಿತು. ತನ್ನ ಕಾರಿಗೆ ತಗಲುವ ಖರ್ಚು ಸ್ವತಃ ತಯಾರಕರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಕಾರ್ಖಾನೆಯ ಜಾಗ ಗೊತ್ತುಮಾಡಿದ ಸರ್ಕಾರ

1960ರ ಸುಮಾರಿಗೆ ಕಾರಿನ ಬೇಡಿಕೆ ಏರಿದಾಗ ಕಂಪನಿಗಳು ತಮ್ಮ ಹಳೆಯ ನೆಲೆಗಳಾದ ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿ, ಆಕ್ಸ್‌ಫರ್ಡ್‌ಗಳಲ್ಲೇ ಕಾರ್ಖಾನೆ ವಿಸ್ತರಿಸಲು ಬಯಸಿದವು. ಹೊಸ ಕಟ್ಟಡಕ್ಕೆ ಸರ್ಕಾರದ ಅನುಮತಿಪತ್ರ ಕಡ್ಡಾಯವಾಗಿತ್ತು. ಹಡಗುಕಟ್ಟೆ, ಕಲ್ಲಿದ್ದಲು ಗಣಿಗಳು ಮುಚ್ಚಿ ನಿರುದ್ಯೋಗ ಹೆಚ್ಚಿದ್ದ ಸ್ಕಾಟ್ಲೆಂಡ್ ಮತ್ತು ಲಿವರ್‌ಪೂಲ್ ಸೀಮೆಗೆ ಹೋದರೆ ಅನುಮತಿಯೂ ಸಿಗುತ್ತದೆ, ಸಾಲವೂ ಸಿಗುತ್ತದೆ ಎಂದು ಸರ್ಕಾರ ತಿಳಿಸಿತು. ಹೀಗೆ ಫೋರ್ಡ್ ಹೇಲ್‌ವುಡ್‌ಗೆ, ವಾಕ್ಸ್‌ಹಾಲ್ ಎಲ್ಸ್‌ಮಿಯರ್ ಪೋರ್ಟ್‌ಗೆ, ಸ್ಟ್ಯಾಂಡರ್ಡ್-ಟ್ರಯಂಫ್ ಸ್ಪೀಕ್‌ಗೆ ಹೋದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಸ್ಕಾಟ್ಲೆಂಡಿನ ಬಾತ್‌ಗೇಟ್‌ನಲ್ಲಿ ಲಾರಿ ಮತ್ತು ಟ್ರ್ಯಾಕ್ಟರ್ ಕಾರ್ಖಾನೆ ತೆರೆಯಿತು. ರೂಟ್ಸ್ ಕಂಪನಿಯ ಪಾಲಿಗೆ ಗ್ಲಾಸ್ಗೊ ಬಳಿಯ ಲಿನ್‌ವುಡ್ ಬಂತು.

ಲಿನ್‌ವುಡ್ ಕಾರ್ಖಾನೆ 1963ರಲ್ಲಿ ಹಿಲ್‌ಮನ್ ಇಂಪ್ ಎಂಬ ಸಣ್ಣ ಕಾರಿನೊಂದಿಗೆ ಶುರುವಾಯಿತು. ಅಲ್ಲಿನ ಕೆಲಸದ ಸರಣಿಯನ್ನು ಹತ್ತಿರದಿಂದ ನೋಡಿದರೆ ನೀತಿಯ ಎಡವಟ್ಟು ಗೊತ್ತಾಗುತ್ತದೆ. ಇಂಪ್ ಕಾರಿನ ಅಲ್ಯೂಮಿನಿಯಂ ಎಂಜಿನ್ನಿನ ಎರಕ ನಡೆಯುತ್ತಿದ್ದದ್ದು ಲಿನ್‌ವುಡ್‌ನಲ್ಲಿ. ಎರಕದ ಭಾಗಗಳನ್ನು ಸುಮಾರು 300 ಮೈಲಿ ದಕ್ಷಿಣಕ್ಕೆ, ಕೊವೆಂಟ್ರಿ ಬಳಿಯ ರೈಟನ್ನಿಗೆ ಸಾಗಿಸಬೇಕು. ಅಲ್ಲಿ ಕೊರೆದು, ಹದಗೊಳಿಸಿ, ಎಂಜಿನ್ ಜೋಡಿಸಿದಮೇಲೆ ಮತ್ತೆ ಅಷ್ಟೇ ದೂರ ಉತ್ತರಕ್ಕೆ ತಂದು ಕಾರಿಗೆ ಕೂರಿಸಬೇಕು. ತಯಾರಾದ ಕಾರನ್ನು ಕೊಳ್ಳುವವರು ಹೆಚ್ಚಾಗಿದ್ದದ್ದು ದಕ್ಷಿಣದಲ್ಲಿ. ಆದ್ದರಿಂದ ಮೂರನೆಯ ಸಲ ಅದೇ ದಾರಿ. ಹಡಗುಕಟ್ಟೆಯಲ್ಲಿ ಪಳಗಿದ ಕೆಲಸಗಾರರಿಗೆ ಜೋಡಣಾ ಸಾಲಿನ ಏಕತಾನದ ದುಡಿಮೆ ಒಗ್ಗಲಿಲ್ಲ, ಮುಷ್ಕರಗಳು ಮಾಮೂಲಾದವು. ಮೊದಮೊದಲ ಇಂಪ್‌ಗಳಲ್ಲಿ ಎಂಜಿನ್ ಕಾಯುವ ದೋಷ ಕಾಣಿಸಿಕೊಂಡು ಕಾರಿಗೆ ಕೆಟ್ಟ ಹೆಸರು ಬಂತು. ರೂಟ್ಸ್ ನಷ್ಟಕ್ಕೆ ಬಿದ್ದು, 1967ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯ ಹಿಡಿತಕ್ಕೆ ಹೋಯಿತು.

ಪ್ರಾದೇಶಿಕ ನೀತಿಯ ಸಮರ್ಥಕರು ಹೇಳಿದ ಮಾತಿಗೂ ಅರ್ಥವಿತ್ತು. ಕೆಲಸವಿಲ್ಲದ ಊರಿಗೆ ಕೆಲಸ ತರುವುದು ಸರ್ಕಾರದ ಹೊಣೆ. ಹೇಲ್‌ವುಡ್, ಎಲ್ಸ್‌ಮಿಯರ್ ಪೋರ್ಟ್ ಕಾರ್ಖಾನೆಗಳು ದಶಕಗಳ ಕಾಲ ಬಾಳಿದವು. ಆದರೆ ಅವು ಫೋರ್ಡ್ ಮತ್ತು ಜನರಲ್ ಮೋಟಾರ್ಸ್‌ನ ಆಸ್ತಿ, ಹಿಂದೆ ಅಮೆರಿಕದ ಬಂಡವಾಳವಿತ್ತು. ಬಂಡವಾಳ ಸಾಲದ ಬ್ರಿಟಿಷ್ ಕಂಪನಿಗಳಿಗೆ ಹೆಚ್ಚುವರಿ ಸಾಗಣೆ ವೆಚ್ಚ ತಾಳಲಾಗದ ಹೊರೆಯಾಯಿತು. ಸ್ಪೀಕ್‌ನ ಹೊಸ ಕಾರ್ಖಾನೆ 1978ರಲ್ಲಿ, ಲಿನ್‌ವುಡ್ 1981ರಲ್ಲಿ, ಬಾತ್‌ಗೇಟ್ 1986ರಲ್ಲಿ ಬಾಗಿಲು ಹಾಕಿದವು.

1968ರ ವಿಲೀನ

1964ರಲ್ಲಿ ಅಧಿಕಾರಕ್ಕೆ ಬಂದ ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರಕ್ಕೆ ದೊಡ್ಡ ಗಾತ್ರದ ಕಂಪನಿಗಳಲ್ಲಿ ನಂಬಿಕೆ. ಫೋಕ್ಸ್‌ವ್ಯಾಗನ್, ಫಿಯೆಟ್‌ಗಳ ಎದುರು ನಿಲ್ಲಬೇಕಾದರೆ ಬ್ರಿಟನ್ನಿನ ಚಿಲ್ಲರೆ ಕಂಪನಿಗಳು ಒಂದಾಗಬೇಕು ಎಂಬುದು ಅದರ ಎಣಿಕೆ. ವಿಲೀನಗಳನ್ನು ಮಾಡಿಸಲೆಂದೇ 1966ರಲ್ಲಿ ಕೈಗಾರಿಕಾ ಪುನರ್‌ಸಂಘಟನಾ ನಿಗಮ ಸ್ಥಾಪನೆಯಾಯಿತು. 1968ರಲ್ಲಿ ಈ ನಿಗಮದ 2.5 ಕೋಟಿ ಪೌಂಡ್ ಸಾಲದ ನೆರವಿನೊಂದಿಗೆ, ಪ್ರಧಾನಿ ಮತ್ತು ತಂತ್ರಜ್ಞಾನ ಸಚಿವ ಟೋನಿ ಬೆನ್ ಅವರ ಪ್ರೋತ್ಸಾಹದೊಂದಿಗೆ, ಲೇಲ್ಯಾಂಡ್ ಮತ್ತು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಉತ್ತರಾಧಿಕಾರಿಯಾದ ಬ್ರಿಟಿಷ್ ಮೋಟಾರ್ ಹೋಲ್ಡಿಂಗ್ಸ್ ಕೂಡಿಕೊಂಡು ಬ್ರಿಟಿಷ್ ಲೇಲ್ಯಾಂಡ್ ಆದವು. ಲೇಲ್ಯಾಂಡ್ ಕಡೆಯಿಂದ ಲಾರಿ, ಬಸ್ಸುಗಳ ಜೊತೆ ಟ್ರಯಂಫ್ ಮತ್ತು ರೋವರ್ ಬಂದವು. ಇನ್ನೊಂದು ಕಡೆಯಿಂದ ಆಸ್ಟಿನ್, ಮಾರಿಸ್, ಎಂಜಿ, ಜಾಗ್ವಾರ್. ಹುಟ್ಟುವಾಗ ಹೊಸ ಕಂಪನಿಗೆ ಸುಮಾರು ಎರಡು ಲಕ್ಷ ನೌಕರರು, ದೇಶದ ಕಾರು ಮಾರುಕಟ್ಟೆಯಲ್ಲಿ ಶೇ. 40ರ ಆಸುಪಾಸಿನ ಪಾಲು. ಲಾರಿ ಮಾರುವುದರಲ್ಲಿ ಹೆಸರು ಮಾಡಿದ್ದ ಡೊನಾಲ್ಡ್ ಸ್ಟೋಕ್ಸ್ ಅದರ ಮುಖ್ಯಸ್ಥರಾದರು.

ಕೂಡಿಸಿದ್ದೇನೋ ಆಯಿತು, ಒಂದಾಗಿಸುವ ಕೆಲಸ ಆಗಲಿಲ್ಲ. ಟ್ರಯಂಫ್ ಮತ್ತು ರೋವರ್ ಒಂದೇ ವರ್ಗದ ಗ್ರಾಹಕರಿಗೆ ಪರಸ್ಪರ ಪೈಪೋಟಿಯ ಕಾರುಗಳನ್ನು ಮಾರುತ್ತಲೇ ಇದ್ದವು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಪ್ರತಿ ಘಟಕವೂ ತನ್ನ ಎಂಜಿನ್, ತನ್ನ ವಿನ್ಯಾಸ, ತನ್ನ ಮಾರಾಟಗಾರರನ್ನು ಉಳಿಸಿಕೊಳ್ಳಲು ನೋಡಿತು. 1971ರ ಮಾರಿಸ್ ಮರೀನಾ ಹಳೆಯ ಬಿಡಿಭಾಗಗಳನ್ನು ಜೋಡಿಸಿ ಅವಸರದಲ್ಲಿ ತಂದ ಕಾರು. 1973ರ ಆಸ್ಟಿನ್ ಅಲೆಗ್ರೋ ಇನ್ನೂ ವಿಚಿತ್ರ: ಅದರ ಸ್ಟಿಯರಿಂಗ್ ದುಂಡಗಿರಲಿಲ್ಲ, ಮೂಲೆ ಉರುಟಾದ ಚೌಕದಂತಿತ್ತು. ಕಾಲು ಚಾಚಲು, ಮೀಟರುಗಳನ್ನು ನೋಡಲು ಅನುಕೂಲ ಎಂದು ಕಂಪನಿ ವಿವರಿಸಿತು, ಜನ ನಕ್ಕರು. ಸ್ವಲ್ಪ ಕಾಲದಲ್ಲೇ ಅದನ್ನು ಕೈಬಿಟ್ಟು ದುಂಡನೆಯ ಸ್ಟಿಯರಿಂಗ್ ಹಾಕಬೇಕಾಯಿತು.

ವಿಲೀನಕ್ಕೆ ಬಂದ ಟೀಕೆ ಎರಡು ಬಗೆಯದು. ಲಾಭದಲ್ಲಿದ್ದ ಲೇಲ್ಯಾಂಡಿಗೆ ಕುಸಿಯುತ್ತಿದ್ದ ಕಂಪನಿಯನ್ನು ಕಟ್ಟಿ ಎರಡನ್ನೂ ಮುಳುಗಿಸಲಾಯಿತು ಎಂಬುದು ಒಂದು. ಗಾತ್ರವನ್ನೇ ಸಾಮರ್ಥ್ಯವೆಂದು ಸರ್ಕಾರ ಭ್ರಮಿಸಿತು, ಕಾರ್ಖಾನೆಗಳನ್ನು ಮುಚ್ಚುವ ಮತ್ತು ಮಾದರಿಗಳನ್ನು ಕಡಿಮೆ ಮಾಡುವ ಷರತ್ತನ್ನು ಆಗಲೇ ಹಾಕಬೇಕಿತ್ತು ಎಂಬುದು ಇನ್ನೊಂದು.

ರೈಡರ್ ವರದಿ

1973ರ ಕೊನೆಯ ತೈಲ ಬಿಕ್ಕಟ್ಟು, 1974ರ ಆರಂಭದಲ್ಲಿ ವಿದ್ಯುತ್ ಉಳಿಸಲು ಉದ್ದಿಮೆಗಳು ವಾರಕ್ಕೆ ಮೂರೇ ದಿನ ನಡೆಯಬೇಕೆಂಬ ಆದೇಶ, ಹಣದುಬ್ಬರ ಇವೆಲ್ಲ ಸೇರಿ ಕಂಪನಿಯನ್ನು ಮಂಡಿಯೂರಿಸಿದವು. 1974ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳು ಕೈಚೆಲ್ಲಿದಾಗ ಸರ್ಕಾರ 5 ಕೋಟಿ ಪೌಂಡ್ ಸಾಲಕ್ಕೆ ಜಾಮೀನು ನಿಂತು, ಮುಂದೇನು ಮಾಡಬೇಕೆಂದು ಹೇಳಲು ತನ್ನ ಕೈಗಾರಿಕಾ ಸಲಹೆಗಾರ ಡಾನ್ ರೈಡರ್ ನೇತೃತ್ವದಲ್ಲಿ ತಂಡ ನೇಮಿಸಿತು.

1975ರ ಏಪ್ರಿಲ್‌ನಲ್ಲಿ ಹೊರಬಂದ ರೈಡರ್ ವರದಿ ಹಳೆಯ ಆಡಳಿತವನ್ನು ನೇರವಾಗಿ ದೂರಿತು. 1968ರಿಂದ 1974ರವರೆಗೆ ಕಂಪನಿ ಗಳಿಸಿದ ನಿವ್ವಳ ಲಾಭ 7.4 ಕೋಟಿ ಪೌಂಡ್. ಅದರಲ್ಲಿ 7 ಕೋಟಿಯನ್ನು ಷೇರುದಾರರಿಗೆ ಲಾಭಾಂಶವಾಗಿ ಹಂಚಲಾಗಿತ್ತು. ಹೊಸ ಯಂತ್ರಕ್ಕೆ, ಹೊಸ ಮಾದರಿಗೆ ಉಳಿದದ್ದು ಪುಡಿಗಾಸು. ಸರ್ಕಾರ ಬಹುಪಾಲು ಷೇರು ಕೊಂಡು, ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು 140 ಕೋಟಿ ಪೌಂಡ್ ಒದಗಿಸಬೇಕು ಎಂಬುದು ಶಿಫಾರಸು. ಕಾರ್ಮಿಕರೂ ವ್ಯವಸ್ಥಾಪಕರೂ ಕೂಡಿ ಕೂರುವ ಜಂಟಿ ಸಮಿತಿಗಳನ್ನು ಪ್ರತಿ ಹಂತದಲ್ಲೂ ರಚಿಸಬೇಕು ಎಂದೂ ವರದಿ ಹೇಳಿತು. ಎಲ್ಲ ಕಾರು ಕಂಪನಿಗಳನ್ನು ಒಂದೇ ವಿಭಾಗದ ಕೆಳಗೆ ತರುವ ಅದರ ಸಲಹೆ ಜಾಗ್ವಾರ್‌ನಂಥ ಹೆಸರಾಂತ ಸಂಸ್ಥೆಯ ಸ್ವಂತಿಕೆಯನ್ನೇ ಅಳಿಸಹೊರಟಿತು. ವ್ಯಾಪಕವಾಗಿ ಕಾರ್ಖಾನೆ ಮುಚ್ಚುವ, ಕೆಲಸ ಕಡಿತಗೊಳಿಸುವ ಮಾತು ಅದರಲ್ಲಿ ಇರಲಿಲ್ಲ. ಸರ್ಕಾರ ಒಪ್ಪಿತು, ರಾಷ್ಟ್ರೀಯ ಉದ್ಯಮ ಮಂಡಳಿ ಎಂಬ ಹೊಸ ಸಂಸ್ಥೆಯ ಕೈಗೆ ಕಂಪನಿ ಹೋಯಿತು, ಅದರ ಅಧ್ಯಕ್ಷರೂ ರೈಡರ್ ಅವರೇ.

ಅತಿ ಹರಿತವಾದ ಟೀಕೆ ಬಂದದ್ದು ವಿರೋಧ ಪಕ್ಷದಿಂದಲ್ಲ, ಸರ್ಕಾರದ ಒಳಮನೆಯಿಂದ. ಕೆಳಮನೆಯ ವೆಚ್ಚ ಸಮಿತಿ ಅದೇ ವರ್ಷ ರೈಡರ್ ಅಂದಾಜುಗಳನ್ನು ಪರಿಶೀಲಿಸಿ, ಮಾರಾಟದ ನಿರೀಕ್ಷೆ ಅತಿಯಾಯಿತೆಂದು ಶಂಕಿಸಿತು. ಮಂತ್ರಿಮಂಡಲಕ್ಕೆ ಸಲಹೆ ಕೊಡುವ ಕೇಂದ್ರ ನೀತಿ ಪರಿಶೀಲನಾ ತಂಡ 1975ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಇನ್ನೂ ಕಠಿಣವಾಗಿತ್ತು. ಬ್ರಿಟನ್ನಿನಲ್ಲಿ ಕಾರ್ಖಾನೆಗಳೂ ಮಾದರಿಗಳೂ ಬೇಕಾದ್ದಕ್ಕಿಂತ ಹೆಚ್ಚು. ಅದೇ ಯಂತ್ರ, ಅದೇ ಕೆಲಸ ಇದ್ದರೂ ಬ್ರಿಟಿಷ್ ಜೋಡಣಾ ಕಾರ್ಮಿಕರ ಉತ್ಪಾದನೆ ಯುರೋಪಿನ ಕಾರ್ಮಿಕರ ಅರ್ಧದಷ್ಟು ಎಂದು ಅದು ಕಂಡುಕೊಂಡಿತು. ಕೊರತೆ ಬಂಡವಾಳದ್ದು ಮಾತ್ರವೆಂದು ರೈಡರ್ ಬಗೆದರೆ, ಕೆಲಸ ನಡೆಸುವ ರೀತಿಯೇ ಕೆಟ್ಟಿದೆ ಎಂದು ಈ ತಂಡ ವಾದಿಸಿತು. ಕೆಟ್ಟ ವ್ಯವಸ್ಥೆಗೆ ಹೊಸ ಯಂತ್ರ ಹಾಕಿದರೆ ನಷ್ಟದ ಗಾತ್ರ ಹಿಗ್ಗುತ್ತದೆ ಎಂಬುದು ಅದರ ತಾತ್ಪರ್ಯ. ಮುಂದಿನ ವರ್ಷಗಳು ಈ ವಾದವನ್ನೇ ಸಮರ್ಥಿಸಿದವು. 1977ರ ಆರಂಭದಲ್ಲಿ ಅಚ್ಚು ಮತ್ತು ಉಪಕರಣ ತಯಾರಿಸುವ ಕೆಲವೇ ಸಾವಿರ ನುರಿತ ಕೆಲಸಗಾರರ ಮುಷ್ಕರ ಇಡೀ ಕಂಪನಿಯನ್ನು ಸ್ತಬ್ಧಗೊಳಿಸಿತು. ಅದೇ ವರ್ಷ ರೈಡರ್ ಹುದ್ದೆ ಬಿಟ್ಟರು.

ಎಡಪಂಥೀಯರ ಅಸಮಾಧಾನ ಬೇರೆ. ನಷ್ಟದ ಕಂಪನಿಯ ಷೇರಿಗೆ ತಲಾ 10 ಪೆನ್ನಿ ಕೊಟ್ಟು ಹಳೆಯ ಮಾಲೀಕರನ್ನು ಪಾರುಮಾಡಲಾಯಿತು. ಹೆಸರಿಗೆ ಸಾರ್ವಜನಿಕ ಒಡೆತನ ಬಂದರೂ ತೀರ್ಮಾನಗಳು ಹಳೆಯ ಜಾಗದಲ್ಲೇ ಉಳಿದವು. ಜಂಟಿ ಸಮಿತಿಗಳು ಮಾತಿನ ಮನೆಗಳಾದವು ಎಂದು ಅವರು ದೂರಿದರು. ಕಾರ್ಮಿಕರಿಗೆ ನಿಜವಾದ ಅಧಿಕಾರ ಬೇಕೆನ್ನುತ್ತಿದ್ದ ಬೆನ್ ಅವರನ್ನು ವಿಲ್ಸನ್ 1975ರ ಜೂನ್‌ನಲ್ಲೇ ಕೈಗಾರಿಕಾ ಖಾತೆಯಿಂದ ಇಂಧನ ಖಾತೆಗೆ ವರ್ಗಾಯಿಸಿದ್ದರು.

ಕ್ರೈಸ್ಲರ್ ಪ್ರಸಂಗ

ಲೇಲ್ಯಾಂಡಿಗೆ ಹಣ ಮಂಜೂರಾದ ಕೆಲವೇ ತಿಂಗಳಲ್ಲಿ ಕ್ರೈಸ್ಲರ್ ಮುಖ್ಯಸ್ಥ ಜಾನ್ ರಿಕಾರ್ಡೊ ಲಂಡನ್ನಿಗೆ ಬಂದು, ತಮ್ಮ ಬ್ರಿಟಿಷ್ ಕಾರ್ಖಾನೆಗಳನ್ನು ಸರ್ಕಾರ ವಹಿಸಿಕೊಳ್ಳದಿದ್ದರೆ ಮುಚ್ಚುವುದಾಗಿ ತಿಳಿಸಿದರು. ಕೈಗಾರಿಕಾ ಸಚಿವ ಎರಿಕ್ ವಾರ್ಲಿ ನೆರವಿಗೆ ವಿರುದ್ಧವಾಗಿದ್ದರು: ದೇಶದಲ್ಲಿ ಕಾರ್ಖಾನೆಗಳೇ ಹೆಚ್ಚಾಗಿರುವಾಗ, ಲೇಲ್ಯಾಂಡಿನ ಪ್ರತಿಸ್ಪರ್ಧಿಗೂ ಹಣ ಕೊಟ್ಟರೆ ಎರಡೂ ಕಡೆ ನಷ್ಟ. ಆದರೆ ಲಿನ್‌ವುಡ್ ಮುಚ್ಚಿದರೆ ಸ್ಕಾಟಿಷ್ ರಾಷ್ಟ್ರೀಯವಾದಿಗಳಿಗೆ ಮತ ಹೋಗುತ್ತದೆ ಎಂಬ ಭಯ ಬಲವಾಗಿತ್ತು. ಸ್ಕಾಟ್ಲೆಂಡ್ ಸಚಿವ ವಿಲಿ ರಾಸ್ ರಾಜೀನಾಮೆಯ ಬೆದರಿಕೆ ಹಾಕಿದರು. 1975ರ ಡಿಸೆಂಬರ್‌ನಲ್ಲಿ ಸರ್ಕಾರ 16.25 ಕೋಟಿ ಪೌಂಡ್‌ವರೆಗೆ ನೆರವು ಕೊಡಲು ಒಪ್ಪಿತು.

ಮೂರು ವರ್ಷ ಕಳೆಯುವುದರೊಳಗೆ, 1978ರಲ್ಲಿ, ಕ್ರೈಸ್ಲರ್ ತನ್ನ ಯುರೋಪಿನ ಉದ್ಯಮವನ್ನೆಲ್ಲ ಫ್ರಾನ್ಸಿನ ಪಿಜೊ ಕಂಪನಿಗೆ ಮಾರಿತು. ಪಿಜೊ 1981ರಲ್ಲಿ ಲಿನ್‌ವುಡ್ ಮುಚ್ಚಿತು. ಸರ್ಕಾರ ನೀತಿ ರೂಪಿಸುವುದಿಲ್ಲ, ಯಾರು ಜೋರಾಗಿ ಬೆದರಿಸಿದರೆ ಅವರಿಗೆ ಹಣ ಕೊಡುತ್ತದೆ ಎಂಬ ಟೀಕೆಗೆ ಈ ಪ್ರಸಂಗಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಎಡ್ವರ್ಡ್ಸ್ ಮತ್ತು ಥ್ಯಾಚರ್

1977ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮೈಕೆಲ್ ಎಡ್ವರ್ಡ್ಸ್ ಲೇಲ್ಯಾಂಡಿನ ಅಧ್ಯಕ್ಷರಾದರು. ರೈಡರ್ ಮುಟ್ಟದೆ ಬಿಟ್ಟದ್ದಕ್ಕೆ ಅವರು ಕೈಹಾಕಿದರು: ಸ್ಪೀಕ್ ಮುಚ್ಚಿದರು, ಕಂಪನಿಗಳಿಗೆ ಹಳೆಯ ಹೆಸರು ಮರಳಿಸಿದರು, 1979ರಲ್ಲಿ 25,000 ಕೆಲಸಗಳನ್ನು ಕಡಿತಗೊಳಿಸುವ ಯೋಜನೆಯನ್ನು ನೇರವಾಗಿ ನೌಕರರ ಮತಕ್ಕೆ ಇಟ್ಟರು. ಮತ ಹಾಕಿದವರಲ್ಲಿ ಶೇ. 87 ಮಂದಿ ಒಪ್ಪಿದರು. ಯೋಜನೆಯನ್ನು ವಿರೋಧಿಸಿ ಕರಪತ್ರ ಹೊರತಂದ ಲಾಂಗ್‌ಬ್ರಿಡ್ಜ್ ಕಾರ್ಖಾನೆಯ ಕಾರ್ಮಿಕ ಮುಖಂಡ ಡೆರೆಕ್ ರಾಬಿನ್ಸನ್ ಅವರನ್ನು ಅದೇ ನವೆಂಬರ್‌ನಲ್ಲಿ ವಜಾ ಮಾಡಲಾಯಿತು. ಹೊಸ ಕಾರು ರೂಪಿಸಲು ಸಮಯ ಸಾಲದೆ ಜಪಾನಿನ ಹೋಂಡಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, 1981ರಲ್ಲಿ ಹೋಂಡಾ ಬಲ್ಲಾಡ್ ಆಧಾರಿತ ಟ್ರಯಂಫ್ ಅಕ್ಲೇಮ್ ತಂದರು.

ಈ ಹೊತ್ತಿಗೆ ಮಾರ್ಗರೆಟ್ ಥ್ಯಾಚರ್ ಪ್ರಧಾನಿ. ಅವರ ಕೈಗಾರಿಕಾ ಸಚಿವ ಕೀತ್ ಜೋಸೆಫ್, ಸರ್ಕಾರ ಉದ್ಯಮದಿಂದ ದೂರವಿರಬೇಕೆಂದು ದೇಶದುದ್ದಕ್ಕೂ ಭಾಷಣ ಮಾಡಿದ್ದವರು. ನಷ್ಟದ ಕಂಪನಿಗೆ ಕೊಡುವ ಪ್ರತಿ ಪೌಂಡೂ ಲಾಭದ ಕಂಪನಿಯಿಂದ ಕಿತ್ತ ತೆರಿಗೆ ಎಂಬುದು ಈ ಪಂಥದ ಮೂಲ ವಾದ. ಆದರೂ 1981ರ ಜನವರಿಯಲ್ಲಿ ಲೇಲ್ಯಾಂಡಿಗೆ 99 ಕೋಟಿ ಪೌಂಡ್ ಮಂಜೂರು ಮಾಡಿದ್ದನ್ನು ಸಂಸತ್ತಿನಲ್ಲಿ ಪ್ರಕಟಿಸಿದವರು ಅವರೇ. ಕಂಪನಿ ಮುಚ್ಚಿದರೆ ಅದನ್ನೇ ನಂಬಿದ ನೂರಾರು ಬಿಡಿಭಾಗ ತಯಾರಕರು ಮುಳುಗುತ್ತಾರೆ, ನಿರುದ್ಯೋಗ ಭತ್ಯೆಯ ಹೊರೆ ಬೊಕ್ಕಸದ ಮೇಲೆ ಬೀಳುತ್ತದೆ, ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕ್ಷೇತ್ರಗಳು ಕೈತಪ್ಪುತ್ತವೆ. ಹಿಂದಿನ ಎಲ್ಲ ಸರ್ಕಾರಗಳು ಹಾಕಿದ್ದ ಲೆಕ್ಕವನ್ನೇ ಈ ಸರ್ಕಾರವೂ ಹಾಕಿತು. 1970ರಲ್ಲಿ ಕುಂಟುವ ಕಂಪನಿಗಳಿಗೆ ನೆರವಿಲ್ಲ ಎಂದು ಸಾರಿದ ಎಡ್ವರ್ಡ್ ಹೀತ್ ಸರ್ಕಾರ ಮರುವರ್ಷವೇ ರೋಲ್ಸ್-ರಾಯ್ಸ್ ಕಂಪನಿಯನ್ನು ರಾಷ್ಟ್ರೀಕರಿಸಿದ್ದೂ ಇದೇ ಬಗೆಯದು.

ಮಾರಾಟದ ಸರಣಿ

ಖಾಸಗೀಕರಣ ಭಾಗ ಭಾಗವಾಗಿ ನಡೆಯಿತು. 1984ರಲ್ಲಿ ಜಾಗ್ವಾರ್ ಷೇರುಪೇಟೆಗೆ ಹೋಯಿತು; 1987ರಲ್ಲಿ ಲಾರಿ ವಿಭಾಗ ಹಾಲೆಂಡಿನ ಡಾಫ್ ಜೊತೆ ಸೇರಿತು. ಅದಕ್ಕೂ ಮುನ್ನ 1986ರಲ್ಲಿ ಕಾರು ವಿಭಾಗವನ್ನು ಫೋರ್ಡ್‌ಗೆ, ಲ್ಯಾಂಡ್ ರೋವರ್ ಮತ್ತು ಲಾರಿಗಳನ್ನು ಜನರಲ್ ಮೋಟಾರ್ಸ್‌ಗೆ ಕೊಡುವ ಮಾತುಕತೆ ನಡೆದಿತ್ತು. ಅಮೆರಿಕಕ್ಕೆ ಮಾರಿಕೊಳ್ಳಬಾರದು ಎಂಬ ಕೂಗು ಆಳುವ ಪಕ್ಷದಲ್ಲೇ ಎದ್ದು ಅದು ಮುರಿದುಬಿತ್ತು. ಉಳಿದ ಕಾರು ಉದ್ಯಮಕ್ಕೆ ರೋವರ್ ಗ್ರೂಪ್ ಎಂದು ಹೆಸರಿಟ್ಟು 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್ ಕಂಪನಿಗೆ 15 ಕೋಟಿ ಪೌಂಡಿಗೆ ಮಾರಲಾಯಿತು. ಮಾರುವ ಮೊದಲು ಸಾಲ ತೀರಿಸಲು ಸರ್ಕಾರವೇ 54.7 ಕೋಟಿ ಪೌಂಡ್ ಹಾಕಿತು. ಇದರ ಹೊರತಾಗಿ ಕೊಳ್ಳುವವರಿಗೆ ಸುಮಾರು 3.8 ಕೋಟಿ ಪೌಂಡಿನಷ್ಟು ಗುಟ್ಟಿನ ರಿಯಾಯಿತಿ ಸಿಕ್ಕಿದೆ ಎಂದು ಲೆಕ್ಕಪರಿಶೋಧನೆಯಲ್ಲಿ ಬಯಲಾಗಿ, ಹಣ ಮರಳಿಸುವಂತೆ ಯುರೋಪಿಯನ್ ಆಯೋಗ 1990ರಲ್ಲಿ ಆದೇಶಿಸಿತು. 1994ರಲ್ಲಿ ಬ್ರಿಟಿಷ್ ಏರೋಸ್ಪೇಸ್ ರೋವರನ್ನು ಜರ್ಮನಿಯ ಬಿಎಂಡಬ್ಲ್ಯುಗೆ ಮಾರಿದಾಗ ವ್ಯವಹಾರದ ಮೊತ್ತ 80 ಕೋಟಿ ಪೌಂಡ್. ನೆರವು ಕೊಡುವಾಗ ಧಾರಾಳ, ಮಾರುವಾಗ ಅಗ್ಗ ಎಂಬ ಹೊಸ ಟೀಕೆ ಹುಟ್ಟಿತು.

ಬಿಎಂಡಬ್ಲ್ಯು ಕೂಡ ರೋವರನ್ನು ಮೇಲೆತ್ತಲಾಗದೆ 2000ದಲ್ಲಿ ಕೈಬಿಟ್ಟಿತು. ಮಿನಿಯನ್ನು ತಾನಿಟ್ಟುಕೊಂಡು, ಲ್ಯಾಂಡ್ ರೋವರನ್ನು ಫೋರ್ಡ್‌ಗೆ ಕೊಟ್ಟು, ಉಳಿದದ್ದನ್ನು ಬ್ರಿಟಿಷ್ ಉದ್ಯಮಿಗಳ ಒಂದು ಕೂಟಕ್ಕೆ ಹೆಸರಿಗೆ 10 ಪೌಂಡ್ ಪಡೆದು ಒಪ್ಪಿಸಿತು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ದಿವಾಳಿಯಾದಾಗ ಟೋನಿ ಬ್ಲೇರ್ ಸರ್ಕಾರ ಒಂದು ವಾರದ ಸಂಬಳಕ್ಕೆಂದು 65 ಲಕ್ಷ ಪೌಂಡ್ ಸಾಲ ಕೊಟ್ಟಿತು. ಅದು ಚುನಾವಣೆಯ ಹೊಸ್ತಿಲು. ಚೀನಾದ ಕಂಪನಿಯೊಡನೆ ಮಾತುಕತೆ ಫಲಿಸದೆ ಸುಮಾರು 6,000 ಮಂದಿ ಕೆಲಸ ಕಳೆದುಕೊಂಡರು.

ಭಾರತದ ನಂಟು

ಈ ಕಂಪನಿಗಳ ಕವಲುಗಳು ಭಾರತದಲ್ಲೂ ಚಾಚಿದ್ದವು. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ ಕಾರು ಹಲವು ದಶಕ ಸರ್ಕಾರಿ ಕಚೇರಿಗಳ ಮುಂದೆ ನಿಂತಿತು. ಮದ್ರಾಸಿನಲ್ಲಿ ಆಸ್ಟಿನ್ ಕಾರುಗಳನ್ನು ಜೋಡಿಸಲು 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್, 1955ರಲ್ಲಿ ಲೇಲ್ಯಾಂಡ್ ಪಾಲುದಾರಿಕೆಯಿಂದ ಅಶೋಕ್ ಲೇಲ್ಯಾಂಡ್ ಆಯಿತು. ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ ಅದರ ಚಾಸಿಗಳಿಗೆ ಇಂದಿಗೂ ದೊಡ್ಡ ಪಾಲಿದೆ. 1987ರಲ್ಲಿ ಮೂಲ ಕಂಪನಿ ಚೂರಾಗುತ್ತಿದ್ದಾಗ ಅದರ ಷೇರುಗಳು ಹಿಂದುಜಾ ಸಮೂಹ ಮತ್ತು ಇಟಲಿಯ ಇವೆಕೊ ಪಾಲಾದವು. 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಟಾಟಾ ಮೋಟಾರ್ಸ್ 230 ಕೋಟಿ ಡಾಲರಿಗೆ ಫೋರ್ಡ್‌ನಿಂದ ಕೊಂಡಿತು. ಬ್ರಿಟನ್ನಿನಲ್ಲಿ ಅಳಿದ ಲೇಲ್ಯಾಂಡ್ ಹೆಸರು ವಾಹನದ ಮೇಲೆ ಉಳಿದದ್ದು ಮುಖ್ಯವಾಗಿ ಭಾರತದಲ್ಲಿ.

ಟೀಕೆಗಳ ತೂಕ

ಮುಳುಗುವ ಕಂಪನಿಯನ್ನು ಮುಳುಗಲು ಬಿಡಬೇಕಿತ್ತು ಎಂಬ ಮಾರುಕಟ್ಟೆವಾದಿಗಳ ಟೀಕೆ ಅಂಕಿಗಳಲ್ಲಿ ಬಲವಾಗಿ ಕಾಣುತ್ತದೆ. ಬ್ರಿಟನ್ನಿನ ಕಾರು ಉತ್ಪಾದನೆ 1972ರಲ್ಲಿ 19 ಲಕ್ಷ ದಾಟಿದ್ದು, 1982ರಲ್ಲಿ 9 ಲಕ್ಷಕ್ಕೂ ಕೆಳಗಿಳಿಯಿತು. ಆದರೆ ಈ ಕುಸಿತದಲ್ಲಿ ಸರ್ಕಾರದ ಒಡೆತನವಿಲ್ಲದ ವಾಕ್ಸ್‌ಹಾಲ್, ಕ್ರೈಸ್ಲರ್‌ಗಳಿಗೂ ಪಾಲಿತ್ತು. ನೆರವಿಲ್ಲದಿದ್ದರೆ ಜಾಗ್ವಾರ್, ಲ್ಯಾಂಡ್ ರೋವರ್, ಮಿನಿ ಉಳಿಯುತ್ತಿದ್ದವೆ ಎಂಬ ಪ್ರಶ್ನೆಗೆ ಈ ವಾದದಲ್ಲಿ ಸರಿಯಾದ ಉತ್ತರವಿಲ್ಲ. 1986ರಲ್ಲಿ ಸಂಡರ್ಲೆಂಡ್‌ನಲ್ಲಿ ಕಾರು ತಯಾರಿಸತೊಡಗಿದ ನಿಸ್ಸಾನ್ ಕಾರ್ಖಾನೆಯೂ ಸರ್ಕಾರಿ ಅನುದಾನ ಪಡೆದೇ ಬಂದದ್ದು. ಅಲ್ಲಿ ಒಂದೇ ಕಾರ್ಮಿಕ ಸಂಘ, ಒಂದೇ ಮಾದರಿ, ಹೊಸ ಕೆಲಸದ ಕ್ರಮ. ಹಣ ಹೋದದ್ದು ಹೊಸದಕ್ಕೆ, ಹಳೆಯ ನಷ್ಟ ತುಂಬುವುದಕ್ಕಲ್ಲ.

ಒಡೆತನ ಬಂದರೂ ಹಿಡಿತ ಬರಲಿಲ್ಲ ಎಂಬ ಎಡಪಂಥೀಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಸರ್ಕಾರ ದೊಡ್ಡ ಷೇರುದಾರನಾಗಿ ಹಣ ಕೊಟ್ಟಿತು, ಯಾವ ಕಾರು ಮಾಡಬೇಕು, ಎಲ್ಲಿ ಮಾಡಬೇಕು ಎಂಬುದನ್ನು ವರ್ಷಗಟ್ಟಲೆ ಇತ್ಯರ್ಥಗೊಳಿಸಲಿಲ್ಲ. ಆದರೆ ಕಾರ್ಮಿಕರ ಅಧಿಕಾರ ಹೆಚ್ಚಿದ್ದರೆ ಅದೇ ಕಾರ್ಮಿಕರು ಕಾರ್ಖಾನೆ ಮುಚ್ಚುವ ತೀರ್ಮಾನವನ್ನು ಬೇಗ ಕೈಗೊಳ್ಳುತ್ತಿದ್ದರು ಎನ್ನಲಾಗದು.

ಕಾಲದ ಪರೀಕ್ಷೆಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತದ್ದು 1975ರ ನೀತಿ ಪರಿಶೀಲನಾ ತಂಡದ ಟೀಕೆ. ಅದು ನೆರವು ಕೊಡಬಾರದೆಂದು ಹೇಳಲಿಲ್ಲ. ಕಠಿಣ ತೀರ್ಮಾನವನ್ನು ಮುಂದೂಡಲು ಕೊಡುವ ನೆರವು ದಂಡ ಎಂದಿತು. 2008ರ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕೈಚಾಚಿದಾಗ ಅಲ್ಲಿನ ಟೀಕಾಕಾರರು ಲೇಲ್ಯಾಂಡಿನ ಉದಾಹರಣೆ ಎತ್ತಿದರು. ಅಮೆರಿಕ ಸರ್ಕಾರ ಸುಮಾರು 8,000 ಕೋಟಿ ಡಾಲರ್ ಒದಗಿಸಿತು. ಜೊತೆಗೆ 2009ರಲ್ಲಿ ಎರಡೂ ಕಂಪನಿಗಳನ್ನು ದಿವಾಳಿ ನ್ಯಾಯಾಲಯದ ಮೂಲಕ ಹಾಯಿಸಿತು, ಜನರಲ್ ಮೋಟಾರ್ಸ್ ಮುಖ್ಯಸ್ಥರನ್ನು ಇಳಿಸಿತು. ಪಾಂಟಿಯಾಕ್, ಸ್ಯಾಟರ್ನ್‌ನಂಥ ಹೆಸರುಗಳು ಇಲ್ಲವಾದವು. ಜನರಲ್ ಮೋಟಾರ್ಸ್ ಷೇರುಗಳನ್ನು 2013ರ ಕೊನೆಯೊಳಗೆ ಮಾರಿ ಸರ್ಕಾರ ಹೊರಬಂತು. ಅಷ್ಟರಲ್ಲೂ ಅಮೆರಿಕದ ಬೊಕ್ಕಸಕ್ಕೆ ಆ ಒಂದು ಕಂಪನಿಯಿಂದಲೇ 1,000 ಕೋಟಿ ಡಾಲರ್ ಮೀರಿ ನಷ್ಟವಾಯಿತು, ಟೀಕೆ ನಿಲ್ಲಲಿಲ್ಲ. ಆದರೆ ಬ್ರಿಟನ್ ಮೂವತ್ತು ವರ್ಷ ಎಳೆದ ತೀರ್ಮಾನಗಳನ್ನು ಅಲ್ಲಿ ಕೆಲವೇ ತಿಂಗಳಲ್ಲಿ ಮುಗಿಸಲಾಗಿತ್ತು, ಆ ಕಂಪನಿಗಳು ಮತ್ತೆ ಲಾಭಕ್ಕೆ ಬಂದವು.